ಮಡಿಕೆ ಮುರಿಯದ ಕಂಬಳಿಗಳು

ಧಪ್, ಧಪ್, ಧಪ್. ಬೆಳಕು ಹರಿಯುವ ಹೊತ್ತಿಗೆ ಶುರುವಾಗುತ್ತಿದ್ದ ಆ ಸದ್ದು ಹುಚ್ಚಾಸ್ಪತ್ರೆಯ ಎತ್ತರದ ಗೋಡೆ ಹಾರಿ ಬೀದಿಗೆ ಬೀಳುತ್ತಿತ್ತು. ಬೀದಿಯ ಮಕ್ಕಳು ಒಳಗೆ ಹುಚ್ಚರಿಗೆ ಹೊಡೆಯುತ್ತಿದ್ದಾರೆಂದು ತಿಳಿದು ಓಡುತ್ತಿದ್ದರು. ದೊಡ್ಡವರು ನಗುತ್ತಿದ್ದರು. "ಅಯ್ಯೋ ದಡ್ಡರಾ, ಅದು ಸೋಪಕ್ಕ ಬಟ್ಟೆ ಒಗೀತಿರೋದು."

ಮಕ್ಕಳು ತಿಳಿದದ್ದು ಪೂರ್ತಿ ತಪ್ಪಲ್ಲ. ಒಳಗೆ ಹೊಡೆತ ಬೀಳುತ್ತಿದ್ದುದೂ ಅದೇ ಹೊತ್ತಿಗೆ, ಹೆಂಗಸರ ಸ್ನಾನದ ಮನೆಯಲ್ಲಿ. ಅದು ಬೀದಿಗೆ ಕೇಳಿಸಬಾರದೆಂದೇ ಒಗೆತವನ್ನು ಆ ಹೊತ್ತಿಗೆ ಗೊತ್ತುಮಾಡಿದ್ದರು. ಇದು ಸೋಪಕ್ಕನಿಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಅರ್ಥವಾದ ಮೇಲೂ ಅವಳು ಆರು ವರ್ಷ ಒಗೆದಳು. ನಾಲ್ಕನೇ ವಾರ್ಡಿನಲ್ಲಿ ಅವಳ ತಂಗಿ ಇದ್ದಳು.

ತಂಗಿಯ ಕಾಯಿಲೆ ಇಷ್ಟೇ: ಎರಡು ವರ್ಷದ ಮಗು ಜ್ವರದಲ್ಲಿ ಹೋಯಿತು, ಮೂರು ತಿಂಗಳು ಅವಳು ಮಾತಾಡಲಿಲ್ಲ. ಗಂಡನಿಗೆ ಮೌನ ಸಹಿಸಲಾಗಲಿಲ್ಲವಂತೆ. ಅದಕ್ಕೆ ಮುಂಚೆ ಆ ಮಹಾನುಭಾವ ಹೆಂಡತಿಯ ಮಾತು ಸಹಿಸಿದ್ದನ್ನೂ ಯಾರೂ ಕಂಡಿರಲಿಲ್ಲ. ಇಬ್ಬರು ಡಾಕ್ಟರುಗಳು ಅವಳ ಮುಖ ನೋಡಿ, ನಾಲಿಗೆ ನೋಡಿ, ಸಹಿ ಹಾಕಿದರು. ವರ್ಷ ತುಂಬುವುದರೊಳಗೆ ಗಂಡ ಇನ್ನೊಂದು ಮದುವೆಯಾದ. ಆಸ್ಪತ್ರೆಯ ನಿಯಮದಂತೆ ಸೇರಿಸಿದವರೇ ಬಂದು ಬಿಡಿಸಬೇಕು. ಸೋಪಕ್ಕ ನಾಲ್ಕು ಸಲ ಅರ್ಜಿ ಕೊಟ್ಟಳು. "ನೀನು ತವರಿನವಳು, ನಿನ್ನ ಸಹಿ ನಡೆಯಲ್ಲ" ಎಂದು ನಾಲ್ಕು ಸಲವೂ ಹಿಂದಿರುಗಿಸಿದರು. ಬೇರೆ ದಾರಿಯೊಂದಿತ್ತು: ರೋಗಿ ತಾನೇ ಬಾಯಿಬಿಟ್ಟು ತನಗೆ ವಾಸಿಯಾಗಿದೆ ಎನ್ನಬೇಕು. ಹಾಗೆಂದವರ ಬಗ್ಗೆ, ಕಾಯಿಲೆ ಒಪ್ಪದಿರುವುದೇ ಕಾಯಿಲೆಯ ಲಕ್ಷಣವೆಂದು ಬರೆದುಕೊಳ್ಳುತ್ತಿದ್ದರು. ಹುಚ್ಚು ಬಿಡೋವರೆಗೂ ಮದುವೆಯಾಗಲ್ಲ, ಮದುವೆಯಾಗೋವರೆಗೂ ಹುಚ್ಚು ಬಿಡಲ್ಲ ಎಂಬ ಗಾದೆಯನ್ನು ಕಚೇರಿಯೊಂದು ಕಾನೂನು ಮಾಡಿಕೊಂಡದ್ದು ಬಹುಶಃ ಅಲ್ಲೇ ಮೊದಲು.

ಒಗೆಯುವವಳ ಕೆಲಸ ಖಾಲಿಯಾದಾಗ ಸೋಪಕ್ಕ ಹೋಗಿ ನಿಂತಳು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ತೋಳಿನಲ್ಲಿ ಬಲವಿತ್ತು. ದೊಡ್ಡ ಡಾಕ್ಟರು ಎಂದು ಎಲ್ಲರೂ ಕರೆಯುವ ಮುಖ್ಯಾಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ತಂಗಿಗೋಸ್ಕರ ಬಂದಿದ್ದೀಯ ಅಂತ ಗೊತ್ತು. ದಿನಾ ಅರ್ಧ ಗಂಟೆ ಬಟ್ಟೆ ಮಡಿಸೋಕೆ ಅವಳನ್ನ ಕಳಿಸ್ತೀನಿ. ಕಣ್ಣಲ್ಲಿ ನೋಡಿದ್ದನ್ನ ಕಣ್ಣಲ್ಲೇ ಇಟ್ಕೋ. ಬಾಯಿಗೆ ಬಂತೋ, ಅವಳು ಹಿಂದಿನ ಕಟ್ಟಡಕ್ಕೆ ಹೋಗ್ತಾಳೆ."

ಹಿಂದಿನ ಕಟ್ಟಡಕ್ಕೆ ಹೋದವರ ಬಟ್ಟೆ ಒಗೆತಕ್ಕೆ ಬರುತ್ತಿರಲಿಲ್ಲ. ಅಲ್ಲಿಯವರಿಗೆ ಬಟ್ಟೆ ಇರಲಿಲ್ಲ.

ಚಾದರ ಮಡಿಸಲು ಇಬ್ಬರು ಬೇಕು. ಎರಡು ಮೂಲೆ ಅಕ್ಕನ ಕೈಯಲ್ಲಿ, ಎರಡು ತಂಗಿಯ ಕೈಯಲ್ಲಿ. ಜಾಡಿಸಿ, ಎಳೆದು, ಒಬ್ಬರತ್ತ ಒಬ್ಬರು ನಡೆದು ಬಂದರೆ ನಡುವೆ ಬೆರಳು ತಾಕುತ್ತದೆ. ಮತ್ತೆ ದೂರ, ಮತ್ತೆ ಹತ್ತಿರ. ದಿನಕ್ಕೆ ನಲವತ್ತು ಚಾದರ. ಹಗ್ಗಗಳ ನಡುವೆ ಒದ್ದೆ ಬಿಳುಪು ಗಾಳಿಗೆ ಉಬ್ಬುತ್ತಿರುವಾಗ ಅಕ್ಕತಂಗಿಯರು ಮಾತಿಲ್ಲದೆ ಹೀಗೆ ಭೇಟಿಯಾಗುತ್ತಿದ್ದರು.

ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಪ್ರತಿ ಒಗೆತಕ್ಕೂ ಬಟ್ಟೆಯ ಅಂಚಿನಲ್ಲಿ ಕೆಂಪು ದಾರದ ಒಂದು ಪುಟ್ಟ ಹೊಲಿಗೆ ಹಾಕಬೇಕು. ಒಗೆಯುವವರು ಕಳ್ಳಬೀಳಬಾರದೆಂದು ದೊಡ್ಡ ಡಾಕ್ಟರೇ ಅಧಿಕಾರಕ್ಕೆ ಬಂದ ಹೊಸದರಲ್ಲಿ ಮಾಡಿದ್ದು. ಒಂದು ತಿಂಗಳು ತಾವೇ ಬಂದು ಅಂಚು ತಿರುವಿ ನೋಡಿ, ಆಮೇಲೆ ಮರೆತರು. ಅಕ್ಕ ಹೊಲಿಗೆ ಹಾಕುತ್ತಿದ್ದಳು, ಸೂಜಿ ಕತ್ತರಿ ಮುಟ್ಟುವಂತಿಲ್ಲದ ತಂಗಿ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಹಳೆಯ ಚಾದರಗಳ ಅಂಚು ಕೆಂಪಿರುವೆ ಸಾಲು ಹಿಡಿದಂತೆ ಕಾಣುತ್ತಿತ್ತು.

ಸೋಪಕ್ಕನ ನಾಲಿಗೆ ಮಾತ್ರ ಅವಳ ಸೋಪಿಗಿಂತ ಖಾರ. ಹೊಸ ಕಾಂಪೌಂಡರು ಒಬ್ಬ ತನ್ನನ್ನೂ ಡಾಕ್ಟರೆಂದು ಕರೆಯಬೇಕೆಂದಾಗ ಅವಳು ಹೇಳಿದಳಂತೆ: "ಬಿಳಿ ಕೋಟು ಹಾಕಿದೋರೆಲ್ಲ ಡಾಕ್ಟರಾದ್ರೆ ನನ್ನ ಹಗ್ಗದ ಮೇಲೆ ಇವತ್ತು ಎಂಟು ಜನ ಡಾಕ್ಟರು ತಲೆಕೆಳಗಾಗಿ ನೇತಾಡ್ತಿದ್ದಾರೆ, ಹೋಗಿ ಮಾತಾಡಿಸ್ಕೊಂಡು ಬಾ." ಇಂಥ ಮಾತಿಗೆ ಯಾರ ತಡೆಯೂ ಇರಲಿಲ್ಲ. ನಿಜವಾದ ಮಾತನ್ನು ನುಂಗಿಕೊಂಡವಳು ಚಿಲ್ಲರೆ ಮಾತು ಉಗುಳಿದರೆ ಯಾರಿಗೇನು ನಷ್ಟ?

ಆ ಚಳಿಗಾಲದಲ್ಲಿ ನಾಲ್ಕನೇ ವಾರ್ಡಿಗೆ ಹೊಸಬಳು ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ಹೆಸರು ಮರೆತಿದೆ, ಮನೆ ಮರೆತಿದೆ ಎನ್ನುತ್ತಿದ್ದಳು. ಒಂದು ದಿನ ತಂಗಿಗೆ ಮೈ ಸರಿಯಿಲ್ಲದಾಗ ಮೇಟ್ರನ್ ಅವಳನ್ನೇ ಮಡಿಸಲು ಕಳಿಸಿದಳು. ಹುಡುಗಿಯ ತುಟಿ ನೀಲಿಯಾಗಿತ್ತು. ಮುವ್ವತ್ತು ಹೆಂಗಸರನ್ನು ಒಂದೇ ತೊಟ್ಟಿಯ ತಣ್ಣೀರಿನಲ್ಲಿ ಒಬ್ಬರಾದ ಮೇಲೊಬ್ಬರನ್ನು ಮುಳುಗಿಸುವ ಸ್ನಾನ ಅವಳಿಗೂ ಆಗಿತ್ತು.

"ಅಕ್ಕಾ, ಇಲ್ಲಿ ಕಂಬಳಿ ಕೊಡೋದೇ ಇಲ್ವಾ?"

"ಕೊಡ್ತಾರೆ. ದೊಡ್ಡೋರು ನೋಡೋಕೆ ಬರೋ ದಿನ. ಆ ದಿನ ಇನ್ನೂ ಬಂದಿಲ್ಲ."

"ದಿನಾ ಯಾರು ಹೊಡೀತಾರೆ? ಎಷ್ಟು ಜನಕ್ಕೆ?"

ಸೋಪಕ್ಕ ಚಾದರದ ಆಚೆಯಿಂದ ಅವಳನ್ನು ದಿಟ್ಟಿಸಿದಳು. "ಹೆಸರು ಮರೆತೋಗಿದೆ, ಪ್ರಶ್ನೆ ಮಾತ್ರ ಒಂದೂ ಮರೆತಿಲ್ಲ. ಬೆರಳಲ್ಲಿ ಪೆನ್ನಿನ ಗಂಟಿದೆ. ಯಾವ ಪೇಪರು ನಿಂದು?"

ಹುಡುಗಿಯ ಕೈಯಿಂದ ಮೂಲೆ ಜಾರಿತು. "ಯಾರಿಗೂ ಹೇಳ್ಬೇಡಿ. ಎಲ್ಲಾ ಬರೀತೀನಿ. ಇವರೆಲ್ಲರಿಗೂ ನ್ಯಾಯ ಸಿಗುತ್ತೆ."

"ಹತ್ತು ದಿನಕ್ಕೆ ಕಾರು ಬಂದು ನಿನ್ನ ಕರ್ಕೊಂಡು ಹೋಗುತ್ತೆ. ನ್ಯಾಯಕ್ಕೆ ಕಾರು ಕಳಿಸೋರು ಯಾರೇ? ಮೂಲೆ ಎತ್ತು, ಕೊಳೆಯಾಗುತ್ತೆ."

ಹತ್ತನೇ ದಿನಕ್ಕೆ ಕಾರೇ ಬಂತು, ಜೊತೆಗೆ ಪೇಪರಿನ ವಕೀಲ. ಅಂದಿನಿಂದ ವಾರ್ಡಿನವರು ಅವಳಿಗೆ 'ಹತ್ತು ದಿನದ ಹುಚ್ಚಿ' ಎಂದು ಹೆಸರಿಟ್ಟರು. ವಾರದೊಳಗೆ ಬರಹ ಅಚ್ಚಾಯಿತು. ಸ್ನಾನ, ಹೊಡೆತ, ಹುಳ ಬಿದ್ದ ಗಂಜಿ, ಚಳಿ, ಎಲ್ಲವೂ ಇತ್ತು, ಸುಳ್ಳು ಒಂದೂ ಇರಲಿಲ್ಲ. ಗೇಟಿನ ಕಾವಲುಗಾರ ಓದಿ ಹೇಳುವಾಗ ಸೋಪಕ್ಕ ಮೊದಲ ಕಾಲಮ್ಮಿನಲ್ಲೇ ಹನ್ನೊಂದು 'ನಾನು' ಎಣಿಸಿದಳು. ಊರಿಗೆ ಊರೇ ಮರುಗಿತು, ಪಾಪದ ಹುಡುಗಿ ಹತ್ತು ದಿನ ಹೇಗಿದ್ದಳೋ ಎಂದು. ಹತ್ತು ವರ್ಷದಿಂದ ಇರುವವರು ಹೇಗಿದ್ದಾರೆಂದು ಕೇಳುವಷ್ಟು ಕಣ್ಣೀರು ಉಳಿದಿರಲಿಲ್ಲ.

ಕೊನೆಗೆ ಸರ್ಕಾರ ಮೂವರ ಸಮಿತಿ ಮಾಡಿತು. ಗುರುವಾರ ಬರುತ್ತೇವೆಂದು ಒಂಬತ್ತು ದಿನ ಮುಂಚೆ ಕಾಗದ ಬರೆದು ತಿಳಿಸಿತು. ಕಳ್ಳನ ಮನೆಗೆ ಇಂಥ ದಿನ ಬರುತ್ತೇವೆಂದು ಹೇಳಿ ಕಳಿಸುವ ಪೊಲೀಸರನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಬುಧವಾರ ಮಧ್ಯಾಹ್ನ ಸ್ಟೋರಿನ ಬೀಗ ತೆಗೆದರು. ಇನ್ನೂರು ಬೂದುಬಣ್ಣದ ಉಣ್ಣೆ ಕಂಬಳಿಗಳು ನುಸಿಗುಳಿಗೆ ವಾಸನೆ ಹೊತ್ತು ಹೊರಬಂದವು. ಹುಡುಗಿಯ ಜೊತೆ ಮಾತಾಡಿದ್ದ ಏಳು ಹೆಂಗಸರನ್ನು ಹಿಂದಿನ ಕಟ್ಟಡಕ್ಕೆ ಸಾಗಿಸಿದರು. ತಂಗಿಯನ್ನು ಬಿಟ್ಟರು. ಇಲ್ಲಿಗೆ ಬಂದ ಮೇಲೂ ಬಾಯಿಬಿಡದವಳು ಎಂಬ ಧೈರ್ಯ. ದೊಡ್ಡ ಡಾಕ್ಟರು ಸೋಪಕ್ಕನನ್ನು ಕರೆಸಿದರು.

"ನಾಳೆ ಕಂಬಳಿ ಯಾರು ಒಗೀತಾರೆ ಅಂತ ಕೇಳಿದ್ರೆ?"

"ನಾನು."

"ಎಷ್ಟು ದಿನಕ್ಕೊಂದು ಸಲ?"

"ನೀವು ಹೇಳಿದಷ್ಟು ದಿನಕ್ಕೆ."

"ಜಾಣೆ. ನಾಡಿದ್ದು ತಂಗಿ ಮಡಿಸೋಕೆ ಬರ್ತಾಳೆ. ಇಲ್ಲಾಂದ್ರೆ ಎಲ್ಲಿಗೆ ಹೋಗ್ತಾಳೆ, ನಿಂಗೇ ಗೊತ್ತು."

ಗುರುವಾರ ಸಮಿತಿ ಬಂತು. ಮೊದಲು ಚಹಾ ಕುಡಿಯಿತು, ಬಿಸ್ಕತ್ತು ಚೆನ್ನಾಗಿದೆ ಎಂದಿತು, ಆಮೇಲೆ ಎದ್ದಿತು. ಜೊತೆಗೆ ಪತ್ರಿಕೆಯ ಹುಡುಗಿಯೂ ಇದ್ದಳು, ಒಳ್ಳೆಯ ಶೂ, ಕೈಯಲ್ಲಿ ಪುಸ್ತಕ. ನಾಲ್ಕನೇ ವಾರ್ಡಿನಲ್ಲಿ ತಲೆ ಬಾಚಿದ ಹೆಂಗಸರು ತಮ್ಮ ತಮ್ಮ ಮಂಚದ ಪಕ್ಕ ಕಂಬಳಿ ಹೊದ್ದು ನಿಂತಿದ್ದರು. ಹುಡುಗಿ ಒಬ್ಬೊಬ್ಬರ ಮುಖ ಹುಡುಕಿದಳು. ತನಗೆ ಬೇಕಾದವರು ಯಾರೂ ಇರಲಿಲ್ಲ. ಇದ್ದವರು ನೆಲ ನೋಡುತ್ತಿದ್ದರು.

"ಕಂಬಳಿಯೇ ಕೊಡಲ್ಲ ಅಂತ ಬರೆದಿದ್ದೀರಿ," ಎಂದರು ಅಧ್ಯಕ್ಷರು, ಕನ್ನಡಕದ ಮೇಲಿಂದ.

"ಸರ್, ನಾನಿದ್ದಾಗ..." ಹುಡುಗಿ ಪುಸ್ತಕದ ಹಾಳೆ ಮಗುಚತೊಡಗಿದಳು.

ದೊಡ್ಡ ಡಾಕ್ಟರು ಮೃದುವಾಗಿ ನಕ್ಕರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಗೆದ್ದಿರುತ್ತಿದ್ದರು. ಆದರೆ ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿ ನೋಡಿಕೊಳ್ಳದೆ ನಿದ್ದೆ ಬರುವುದಿಲ್ಲ. "ಕೊಡೋದೇನು ಸರ್, ಆರು ವರ್ಷದಿಂದ ಪ್ರತಿ ತಿಂಗಳೂ ಒಗೆಸಿ ಕೊಡ್ತೀವಿ. ಇಗೋ, ಒಗೆಯೋಳೇ ಇದ್ದಾಳೆ. ಕೇಳಿ."

ಸೋಪಕ್ಕ ಬಾಗಿಲ ಹತ್ತಿರ ಮಡಿಸಿದ ಚಾದರಗಳ ರಾಶಿ ಹೊತ್ತು ನಿಂತಿದ್ದಳು. ಎಲ್ಲರೂ ತಿರುಗಿದರು. ಅವಳ ಕಣ್ಣು ತಂಗಿಯ ಮೇಲಿತ್ತು. ಹೌದು ಎಂದರೆ ನಾಳೆ ಬೆರಳು ತಾಕುತ್ತದೆ. ಇನ್ನಾರು ವರ್ಷ ತಾಕುತ್ತಲೇ ಇರಬಹುದು. ಹೌದೆನ್ನಲು ಬಾಯಿ ತೆರೆದೂ ಇದ್ದಳು.

ಆಗ ತಂಗಿ, ಆರು ಚಳಿಗಾಲದಲ್ಲಿ ಮೊದಲ ಸಲ ಉಣ್ಣೆ ಹೊದ್ದವಳು, ಕಂಬಳಿಯ ಅಂಚನ್ನು ಮೆಲ್ಲಗೆ ತಿರುವಿದಳು. ಹೆಬ್ಬೆರಳು ಅಭ್ಯಾಸದಂತೆ ಕೆಂಪು ದಾರ ಹುಡುಕಿತು. ಒಂದು ಮೂಲೆ ನೋಡಿದಳು, ಇನ್ನೊಂದು ನೋಡಿದಳು. ಎಲ್ಲೂ ಸಿಗದೆ ತಲೆ ಎತ್ತಿ ಅಕ್ಕನನ್ನು ನೋಡಿದಳು. ನೀನು ಹಾಕೋದು ಮರೆತೆಯಾ ಎಂದು ಕೇಳಿದ ಹಾಗಿತ್ತು.

"ಸ್ವಾಮಿ," ಎಂದಳು ಸೋಪಕ್ಕ, "ನಾನು ಒಗೆದದ್ದಕ್ಕೆಲ್ಲ ಗುರುತಿದೆ. ದೊಡ್ಡ ಡಾಕ್ಟರೇ ಮಾಡಿದ ಕಟ್ಟಳೆ. ಒಂದು ಒಗೆತಕ್ಕೆ ಒಂದು ಕೆಂಪು ಹೊಲಿಗೆ. ನೋಡಿ." ಮೇಲಿನ ಚಾದರದ ಅಂಚು ಬಿಡಿಸಿ ಅಧ್ಯಕ್ಷರ ಮೂಗಿನ ಕೆಳಗೆ ಹಿಡಿದಳು. ಕೆಂಪಿರುವೆ ಸಾಲು. "ಈಗ ಕಂಬಳೀಲಿ ಒಂದೇ ಒಂದು ತೋರಿಸಿ. ಇನ್ನೂರರಲ್ಲಿ ಒಂದು. ನಾನು ಇಲ್ಲೇ ನಿಂತಿರ್ತೀನಿ."

"ಏಯ್, ಇವಳಿಗೆ ತಲೆ ಸರಿಯಿಲ್ಲ," ಎಂದರು ದೊಡ್ಡ ಡಾಕ್ಟರು.

"ಹಾಗಾದ್ರೆ ಸಂಬಳ ಯಾಕೆ ಕೊಟ್ರಿ? ಮಂಚ ಕೊಡಬೇಕಿತ್ತು."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಬಗ್ಗಿ ಒಂದು ಕಂಬಳಿ ತಿರುವಿದರು, ಇನ್ನೊಂದು, ಮತ್ತೊಂದು. ಮಡಿಕೆಯ ಗೆರೆಗಳು ಕತ್ತಿಯಂತೆ ಇನ್ನೂ ಹರಿತವಾಗಿದ್ದವು, ಸಂದಿಯಿಂದ ಬಿಳಿ ಪುಡಿ ಉದುರಿತು. ಕೋಣೆಯಲ್ಲಿ ನುಸಿಗುಳಿಗೆ ವಾಸನೆ ಒಮ್ಮೆಲೇ ಎಲ್ಲರಿಗೂ ಬಂತು. ಮೂವರು ದೊಡ್ಡ ಮನುಷ್ಯರಿಗೆ ಬಂದ ಹಾದಿಯುದ್ದಕ್ಕೂ ಬಡಿಯದ ವಾಸನೆ!

"ಇನ್ನೇನಾದ್ರೂ ಹೇಳೋದಿದೆಯಾ?" ಅಧ್ಯಕ್ಷರು ಕೇಳಿದರು. ಇಲ್ಲವೆಂದರೆ ಸಾಕಿತ್ತು ಎನ್ನುವ ದನಿ.

"ಇದೆ. ಇವಳು ನನ್ನ ತಂಗಿ. ಇಲ್ಲಿ ಬಿಟ್ಟು ನೀವು ಹೋದ್ರೆ ಸಂಜೆಗೇ ಹಿಂದಿನ ಕಟ್ಟಡಕ್ಕೆ ಹಾಕ್ತಾರೆ. ಅಲ್ಲಿ ಈಗಾಗಲೇ ಏಳು ಜನ ಇದ್ದಾರೆ, ನೀವು ನೋಡಬಾರದೂಂತ ಇಟ್ಟಿರೋರು. ಅವರನ್ನ ನೋಡಿ. ಇವಳನ್ನ ನಾನು ಈಗಲೇ ಕರ್ಕೊಂಡು ಹೋಗ್ತೀನಿ."

"ನಿಯಮದಲ್ಲಿ..." ಎಂದರು ದೊಡ್ಡ ಡಾಕ್ಟರು.

"ನಿಮ್ಮ ನಿಯಮ ಈಗ ನೋಡಿದ್ವಲ್ಲ," ಎಂದರು ಅಧ್ಯಕ್ಷರು, ಸಿಟ್ಟಿಗಿಂತ ಹೆಚ್ಚು ಮುಜುಗರದಲ್ಲಿ. ತಂಗಿಯ ಕಡೆ ತಿರುಗಿದರು. "ಏನಮ್ಮಾ, ಇವತ್ತು ಯಾವ ವಾರ?"

ತಂಗಿಯ ದನಿ ಬೀಗ ತುಕ್ಕು ಹಿಡಿದ ಬಾಗಿಲಿನಿಂದ ಬಂದಂತೆ ಬಂತು. "ಗುರುವಾರ. ಮೂರನೇ ವಾರ್ಡಿನ ಚಾದರ ಮಡಿಸೋ ದಿನ."

ಅಧ್ಯಕ್ಷರು ಕಾಗದ ತರಿಸಿದರು. ಮೇಲೆ ತಾರೀಖು ಹಾಕುವಾಗ ಅವರೇ ಪಕ್ಕದವರನ್ನು ಕೇಳಬೇಕಾಯಿತು. ಆರು ವರ್ಷ ನಡೆಯದ ಸಹಿ ಆರು ನಿಮಿಷದಲ್ಲಿ ನಡೆಯಿತು.

ಸಮಿತಿ ಹಿಂದಿನ ಕಟ್ಟಡದ ಬೀಗದ ಕೈಗಾಗಿ ಕಾಯುತ್ತಿರುವಾಗ ಅಕ್ಕತಂಗಿಯರು ಗೇಟಿನತ್ತ ಹೊರಟರು. ತಂಗಿಯ ಹೆಗಲ ಮೇಲೆ ಆ ಕಂಬಳಿ ಹಾಗೇ ಇತ್ತು, ಯಾರೂ ವಾಪಸ್ಸು ಕೇಳುವ ಧೈರ್ಯ ಮಾಡಲಿಲ್ಲ. ಹಗ್ಗಗಳ ಹತ್ತಿರ ಪತ್ರಿಕೆಯ ಹುಡುಗಿ ಓಡುತ್ತಾ ಬಂದಳು, ಪೆನ್ನು ಬಿಚ್ಚಿಕೊಂಡೇ.

"ಅಕ್ಕಾ, ನೀವಿಲ್ದೇ ಇದ್ದಿದ್ರೆ ನನ್ನ ಕಥೆ ಮುಗೀತಿತ್ತು. ಈಗ ನಿಮಗೆ ಏನನ್ನಿಸ್ತಿದೆ? ಒಂದೆರಡು ಮಾತು."

"ನಿನ್ನ ಕಥೆ!" ಸೋಪಕ್ಕ ನಿಲ್ಲಲಿಲ್ಲ. "ನನಗೆ ಅನ್ನಿಸೋದು ಬರೆದು ಯಾರ ಮೈ ಬೆಚ್ಚಗಾಗ್ಬೇಕು? ಕೇಳಿಲ್ಲಿ. ಕಾರು ಹತ್ಬೇಡ. ಸಂಜೆ ಆರಕ್ಕೆ ಸ್ಟೋರಿನ ಬಾಗಿಲಲ್ಲಿ ನಿಂತ್ಕೋ. ಒಂದೇ ಒಂದು ಕಂಬಳಿ ವಾಪಸ್ ಒಳಗೆ ಹೋದ್ರೂ ಬರಿ. ನಾಳೆ ನಿಂತ್ಕೋ, ನಾಡಿದ್ದು ನಿಂತ್ಕೋ."

"ದಿನಾನಾ?"

"ಯಾಕೆ, ಹತ್ತು ದಿನಕ್ಕೇ ಸುಸ್ತಾ?" ಅವಳು ತಂಗಿಯ ಮೊಣಕೈ ಹಿಡಿದು ಗೇಟಿನ ಮರಿಬಾಗಿಲು ದಾಟಿಸಿದಳು. ತಿರುಗಿ ನೋಡದೆ, ದನಿ ಮಾತ್ರ ಎತ್ತರಿಸಿ, "ಒಂದು ಸಲ 'ನಾನು' ಅನ್ನೋದು ಕಮ್ಮಿ ಮಾಡು, ಅಷ್ಟು ಜಾಗ ಉಳಿಯುತ್ತೆ, ಅಲ್ಲಿ ಆ ಏಳು ಜನರದ್ದು, ಹಾಂ, ಮೊದಲನೇದು ಬಾಗಿಲ ಪಕ್ಕ ಮಲಗೋ ಅಜ್ಜಿ, ಅವಳ ಹೆಸರು ಅವಳಿಗೂ ಮರೆತಿಲ್ಲ, ನಂಗೂ ಮರೆತಿಲ್ಲ, ಬರ್ಕೋ," ಎಂದಳು. ಹಿಂದೆ ಹುಡುಗಿ ಪುಸ್ತಕ ತೆರೆದು ಬರೆಯತೊಡಗಿದಳು.