ಗ್ಲಾಶಾಳ ಬಲಗಾಲು

ನಮ್ಮ ಮನೆಯಲ್ಲಿ ಆರು ಸಂಸಾರಗಳಿಗೆ ಒಂದೇ ಅಡುಗೆಮನೆ, ಒಂದೇ ನಲ್ಲಿ, ಒಂದೇ ಪಾಯಿಖಾನೆ. ಪ್ರೋಖೋರ್ ಕೂಡ ಒಬ್ಬನೇ ಇದ್ದದ್ದು ನಮ್ಮ ಪುಣ್ಯ. ಅಂಥವರು ಇಬ್ಬರಿದ್ದಿದ್ದರೆ ಲೆನಿನ್‌ಗ್ರಾದಿನ ಆ ಮೂರನೆಯ ಮಹಡಿಯಲ್ಲಿ ಯಾರೂ ಜೀವಸಹಿತ ಉಳಿಯುತ್ತಿರಲಿಲ್ಲ. ಅವನು ಹೊಡೆಯುತ್ತಿದ್ದದ್ದು ಹೆಂಡತಿ ಗ್ಲಾಫಿರಾಳನ್ನು. ನಾವೆಲ್ಲ ಅವಳನ್ನು ಗ್ಲಾಶಾ ಅನ್ನುತ್ತಿದ್ದೆವು. ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಯಾವ ಏಟು ಕೈಯದು, ಯಾವುದು ಬೆಲ್ಟಿನದು, ಯಾವುದು ಬೂಟಿನದು ಎಂದು ಸದ್ದಿನಲ್ಲೇ ಗುರುತು ಹಿಡಿಯುವಷ್ಟು ನನ್ನ ಕಿವಿ ಪಳಗಿತ್ತು.

ಗ್ಲಾಶಾಳ ಕಸುಬು ನೆಲ ಉಜ್ಜುವುದು. ದೊಡ್ಡವರ ಮನೆಗಳ ಓಕ್ ಮರದ ನೆಲಕ್ಕೆ ಮೇಣ ಹಚ್ಚಿ ಹೊಳಪು ತರುತ್ತಿದ್ದಳು. ಮೊದಲು ಕಬ್ಬಿಣದ ನಾರನ್ನು ಕಾಲಡಿ ಒತ್ತಿ ಹಳೆಯ ಕೊಳೆ ಕೆರೆಯಬೇಕು. ಗುಡಿಸಿ, ಟರ್ಪಂಟೈನಿನಲ್ಲಿ ಕರಗಿಸಿದ ಮೇಣವನ್ನು ತೆಳುವಾಗಿ ಸವರಿ, ಮರ ಅದನ್ನು ಕುಡಿಯುವ ತನಕ ಕಾಯಬೇಕು. ಆಮೇಲೆ ಬಲಗಾಲಿಗೆ ಪಟ್ಟಿಯ ಬ್ರಷ್ ಬಿಗಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ನೋಡುವವರಿಗೆ ಕುಣಿತ, ಮಾಡುವವರಿಗೆ ಸೊಂಟಮುರಿತ. ಕೊನೆಗೆ ಉಣ್ಣೆ ಬಟ್ಟೆಯಿಂದ ಒರೆಸಬೇಕು. ನೀರು ಮಾತ್ರ ಸೋಕಬಾರದು, ನೀರು ಕುಡಿದ ಓಕ್ ಉಬ್ಬಿ ಕಪ್ಪಾಗುತ್ತದೆ. ನಮ್ಮ ಕಾರಿಡಾರಿನ ನೆಲವೂ ಓಕ್, ಹಿಂದಿನ ಸಿರಿವಂತರು ಹಾಕಿಸಿದ್ದು. ಯಾರಾದರೂ ಬೂಟಿನ ಹಿಮ ಕೊಡವದೆ ಒಳಗೆ ಬಂದರೆ ಗ್ಲಾಶಾ ಜನ್ಮ ಜಾಲಾಡಿಬಿಡುತ್ತಿದ್ದಳು. ಗಂಡನೆದುರು ತುಟಿ ಬಿಚ್ಚದವಳು ನೆಲದ ವಿಷಯಕ್ಕೆ ಹುಲಿ.

ಒಂದು ಭಾನುವಾರ ಸೂಪಿಗೆ ಉಪ್ಪು ಹೆಚ್ಚಾಯಿತೆಂದು ಪ್ರೋಖೋರ್ ಇಸ್ತ್ರಿಪೆಟ್ಟಿಗೆಯಿಂದ ಅವಳ ಬಾಯಿಗೆ ಬೀಸಿದ. ಕಾರಿಡಾರಿಗೆ ಓಡಿಬಂದವಳ ಗದ್ದದಿಂದ ರಕ್ತ ಸುರಿಯುತ್ತಿತ್ತು. ನಾನು ಟವೆಲ್ ತಂದರೆ ಅವಳು ಮುಖ ಒರೆಸಿಕೊಳ್ಳಲಿಲ್ಲ, ಮಂಡಿಯೂರಿ ನೆಲ ಒರೆಸಿದಳು.

"ಮರಕ್ಕೆ ಇಳಿದ್ರೆ ಕಲೆ ಹೋಗಲ್ಲ ಕಣೇ ತಾಸ್ಯಾ," ಅಂದಳು. ಹಲ್ಲೊಂದು ಅವಳ ಅಂಗೈಯಲ್ಲಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಯಲ್ಲಿ ಲುಕಿನಿಷ್ನಾ ಎಲೆಕೋಸು ಹೆಚ್ಚುತ್ತಿದ್ದಳು. ಎಲ್ಲರಿಗಿಂತ ಹಿರಿಯಳು, ಮರ್ಯಾದೆಗೆ ತಂದೆಯ ಹೆಸರಿಂದಲೇ ಕರೆಯಬೇಕಾದ ಮುದುಕಿ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಅಂದಳು. "ಹೊಡೆಯೋನಿಗೇ ಪ್ರೀತಿ ಜಾಸ್ತಿ ಕಣಮ್ಮ."

"ಅಷ್ಟು ಪ್ರೀತಿ ನಂಗೊಬ್ಬಳಿಗೇ ಯಾಕೆ ಲುಕಿನಿಷ್ನಾ? ನೀವೂ ಸ್ವಲ್ಪ ಇಟ್ಕೊಳ್ಳಿ," ಅಂದಳು ಗ್ಲಾಶಾ, ಬಾಯಿಗೆ ಬಟ್ಟೆ ತುರುಕಿಕೊಂಡೇ.

ಪ್ರೋಖೋರ್ ಊರಿಗೆ ಉಪಕಾರಿ, ಮನೆಗೆ ಮಾರಿ. ವಿಧವೆಯರಿಗೆ ಸೌದೆ ಹೊತ್ತು ತಂದುಕೊಡುತ್ತಿದ್ದ, ಕೆಟ್ಟ ಸ್ಟವ್ ರಿಪೇರಿ ಮಾಡುತ್ತಿದ್ದ. ಹಾಗಾಗಿ ಅವನ ಮೇಲೆ ದೂರು ಹೇಳಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ. ನಾನು ಹೋಗಿ ಹೇಳಿದೆ. ಠಾಣೆಯವನು ಆಕಳಿಸಿ, "ಹೆಣ ಬಿದ್ರೆ ಬಾಮ್ಮ," ಅಂದ.

ಆ ಚಳಿಗಾಲ ದೇವರು ಕಣ್ಣುಬಿಟ್ಟ ಅಂದುಕೊಂಡೆವು. ಉತ್ತರದ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಪ್ರೋಖೋರ್ ಒಂದು ವರ್ಷಕ್ಕೆ ಒಪ್ಪಿಕೊಂಡಿದ್ದ. ಹೊರಡುವ ಬೆಳಿಗ್ಗೆ, ಪ್ರಯಾಣದ ಮುಂಚೆ ನಮ್ಮಲ್ಲಿ ಎಲ್ಲರೂ ಶಾಸ್ತ್ರಕ್ಕೆ ಕೂರುವ ಹಾಗೆ, ಅವನು ಪೆಟ್ಟಿಗೆಯ ಮೇಲೆ, ಅವಳು ಸ್ಟೂಲಿನ ಮೇಲೆ ಒಂದು ಗಳಿಗೆ ಸುಮ್ಮನೆ ಕೂತರು. ಎದ್ದವನೇ ಅವಳ ಗದ್ದ ಹಿಡಿದು ಹಿಂಡಿದ.

"ಬೇರೆ ಗಂಡಸಿನ ಗಾಳಿ ಸೋಕಿದ್ದು ಗೊತ್ತಾಗ್ಲಿ, ಬಂದು ಆ ಕಾಲು ಮುರೀತೀನಿ. ಆಮೇಲೆ ಅದ್ಯಾವ ನೆಲ ಉಜ್ಜುತೀಯೋ ನೋಡ್ತೀನಿ," ಅಂದು ಹೊರಟ.

ನಮ್ಮಲ್ಲಿ ಯಾರಾದರೂ ದೂರ ಹೊರಟರೆ, ಅವರು ಹೋಗಿ ಮುಟ್ಟುವ ತನಕ ಮನೆ ನೆಲ ತೊಳೆಯುವುದಿಲ್ಲ. ತೊಳೆದರೆ ಹೋದವರ ದಾರಿ ಅಳಿಸಿಹೋಗುತ್ತದೆ, ಅವರು ಮತ್ತೆ ಮನೆಗೆ ಬರುವುದಿಲ್ಲ. ಹಿಂದೆಯೇ ನೀರು ಹಾಕುವುದು ಹೆಣ ಹೊರಟಾಗ ಮಾತ್ರ. ಇದು ನಮ್ಮ ಹಸುಗೂಸಿಗೂ ಗೊತ್ತು.

ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಅಡಗಿತು. ಗ್ಲಾಶಾ ಕಾಲಿನ ಚಪ್ಪಲಿ ಕಳಚಿ, ನಲ್ಲಿಯಿಂದ ಬಕೆಟ್ ತುಂಬಿಸಿ ತಂದು, ಆ ಓಕ್ ನೆಲದ ಮೇಲೆ ಸುರಿದಳು. ಇನ್ನೊಂದು ಬಕೆಟ್. ಮತ್ತೊಂದು. ಕೋಣೆಯ ಬಾಗಿಲಿಂದ ಹೊಸ್ತಿಲ ಕಡೆಗೆ ನೀರನ್ನು ಬಟ್ಟೆಯಿಂದ ನೂಕತೊಡಗಿದಳು.

"ಹುಚ್ಚು ಹಿಡೀತೇನೇ ನಿಂಗೆ? ಮನುಷ್ಯ ಈಗಷ್ಟೇ ಹೋಗಿದಾನೆ!" ಲುಕಿನಿಷ್ನಾ ಕೂಗಿಕೊಂಡಳು.

"ಹೋಗಿದಾನೆ ಅಂತಾನೇ ತೊಳೀತಿರೋದು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈಗವಸು ಮರೆತು ಪ್ರೋಖೋರ್ ವಾಪಸು ಬಂದಿದ್ದ. ನೆಲ ನೋಡಿದ, ಬಕೆಟ್ ನೋಡಿದ, ಅವಳನ್ನು ನೋಡಿದ. ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

"ನನ್ನ ಹೆಣ ಎತ್ತಿದ್ಯೇನೇ?" ಅಂದ, ಮೆಲ್ಲಗೆ.

ಜಡೆ ಹಿಡಿದು ಅವಳ ಮುಖವನ್ನು ಬಕೆಟ್ಟಿಗೆ ಅದ್ದಿದ. ನಾನು ಅವನ ಬೆನ್ನ ಮೇಲೆ ಬಿದ್ದೆ, ಮೊಣಕೈಯಿಂದ ತಿವಿದು ನನ್ನನ್ನು ಗೋಡೆಗೆ ಎಸೆದ. ಪಕ್ಕೆಲುಬು ಮುರಿದದ್ದು ನನಗೇ ಕೇಳಿಸಿತು. ಅವಳನ್ನು ನೀರಿನಿಂದ ಮೇಲೆತ್ತಿ, ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಬಾಗಿಲಾಚೆ ಎಳೆದ. ಹೊರಗಿರುವುದು ಕಲ್ಲಿನ ಮೆಟ್ಟಿಲು. ಅಲ್ಲಿಂದ ಅವಳನ್ನು ಕೆಳಕ್ಕೆ ಎಸೆಯುವವನಿದ್ದ, ಅದನ್ನು ಬಾಯಲ್ಲೂ ಹೇಳುತ್ತಿದ್ದ.

ಗ್ಲಾಶಾ ಬಲಗಾಲನ್ನು ಹೊಸ್ತಿಲಿಗೆ ಕೊಟ್ಟು ನಿಂತಳು. ಊರಿನ ಅರ್ಧ ನೆಲ ಉಜ್ಜಿದ ಕಾಲು ಅದು, ಕದಲಲಿಲ್ಲ. ಮೆಟ್ಟಿಲ ಅಂಚಿಗೆ ಬೆನ್ನು ಹಾಕಿ ಅವನು ಎರಡೂ ಕೈಯಿಂದ ಜಗ್ಗಿದ. ಅವಳು ಕಾರಿಡಾರಿನ ನೆಲಕ್ಕೆ ಹಚ್ಚಿದ್ದ ಮೇಣ ಒದ್ದೆಯಾಗಿ ಅವನ ಬೂಟಿನ ತಳಕ್ಕೆ ಮೆತ್ತಿತ್ತು. ಜಡೆ ಬುಡಸಮೇತ ಕಿತ್ತು ಬಂತು, ಅವನು ಹಿಂದಕ್ಕೆ ಜಾರಿದ. ಕೆಳಗಿನ ತಿರುವಿನ ತನಕ ಅವನ ತಲೆ, ಬೆನ್ನು, ಮತ್ತೆ ತಲೆ ಕಲ್ಲಿಗೆ ಬಡಿಯುತ್ತಾ ಹೋಯಿತು. ಎತ್ತುವಾಗಲೂ ಆ ಕೂದಲು ಅವನ ಮುಷ್ಟಿಯಲ್ಲೇ ಇತ್ತು.

ಪೊಲೀಸಿನವರು ಈಗ ಬಂದರು. ಓಕ್ ನೆಲಕ್ಕೆ ನೀರು ಸುರಿದವರು ಯಾರು ಎಂಬುದೇ ಅವರ ಪ್ರಶ್ನೆ. ಗ್ಲಾಶಾ ಬಾಯಿ ತೆರೆಯುವ ಮೊದಲೇ ಲುಕಿನಿಷ್ನಾ ಮುಂದೆ ಬಂದಳು.

"ನಾನೇ ಕಣಪ್ಪ. ವಯಸ್ಸಾಯ್ತು, ಕೈ ನಡುಗ್ತವೆ. ಬಕೆಟ್ ಜಾರ್ತು. ಹಾಕು ಬೇಡಿ."

ಗ್ಲಾಶಾ ಜೈಲಿಗೆ ಹೋಗಲಿಲ್ಲ. ಆದರೆ ಪ್ರೋಖೋರ್ ಸಾಯಲೂ ಇಲ್ಲ. ವಸಂತದಲ್ಲಿ ಆಸ್ಪತ್ರೆಯವರು ಅವನನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದು, ಕಟ್ಟಿಕೊಂಡ ಹೆಂಡತಿ ಇದ್ದಾಳಲ್ಲ ಎಂದು ಅದೇ ಕೋಣೆಯಲ್ಲಿ ಮಲಗಿಸಿ ಹೋದರು. ಸೊಂಟದ ಕೆಳಗೆ ಜೀವವಿರಲಿಲ್ಲ. ಕೈಗಳು ಮಾತ್ರ ಮೊದಲಿನಂತೆಯೇ ಇದ್ದವು.

ಮೊದಲ ವಾರವೇ, ಗಂಜಿ ಕುಡಿಸಲು ಬಗ್ಗಿದವಳ ಕತ್ತು ಹಿಡಿದು ಹಣೆಯನ್ನು ಮಂಚದ ಕಬ್ಬಿಣಕ್ಕೆ ಕುಟ್ಟಿದ. ಬಿಸಿ ಚಹಾ ಮುಖಕ್ಕೆ ಎರಚಿದ. ಅಲ್ಲಿಂದ ಮುಂದೆ ತಟ್ಟೆಯನ್ನು ಹಲಗೆಯ ಮೇಲಿಟ್ಟು ಪೊರಕೆ ಕೋಲಿನಿಂದ ನೂಕುತ್ತಿದ್ದಳು. ಹಾಸಿಗೆ ಬದಲಿಸುವಾಗ ಒಂದು ಕೈ ನಾನು, ಒಂದು ಕೈ ಲುಕಿನಿಷ್ನಾ ಹಿಡಿದು ಕೂರುತ್ತಿದ್ದೆವು. ಅವನು ನಮ್ಮ ಮೇಲೆ ಉಗಿಯುತ್ತಿದ್ದ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಆ ಕೋಣೆಯ ನೆಲವನ್ನು ಗ್ಲಾಶಾ ಮೊದಲಿನಂತೆಯೇ ಉಜ್ಜುತ್ತಿದ್ದಳು. ಆದರೆ ಮಂಚದ ಸುತ್ತ ಅವನ ಕೈ ಎಟಕುವಷ್ಟು ಜಾಗ ಮಾತ್ರ ಮೇಣ ಕಾಣದೆ ಬೂದು ಬಣ್ಣಕ್ಕೆ ತಿರುಗಿತು.

ಮೂರನೆಯ ಚಳಿಗಾಲದಲ್ಲಿ ಎದೆ ಕಟ್ಟಿ ಸತ್ತ. ಹೂಳಿ ಬಂದೆವು, ಮಂಚವನ್ನು ಹಳೆಯ ಕಬ್ಬಿಣದವನಿಗೆ ಕೊಟ್ಟೆವು. ಮೇ ಒಂದರ ಕಾರ್ಮಿಕರ ಹಬ್ಬಕ್ಕೆ ಗ್ಲಾಶಾ ಕೋಣೆ ಉಜ್ಜುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಕೈ ಬೆನ್ನ ಹಿಂದೆ, ಕಾಲಲ್ಲಿ ಬ್ರಷ್, ಹೊಳೆಯುವ ನೆಲ. ಆ ಬೂದು ಜಾಗದ ಅಂಚಿಗೆ ಬರುತ್ತಿದ್ದಳು, ತಿರುಗಿ ಹೋಗುತ್ತಿದ್ದಳು. ಮತ್ತೆ ಬಂದಳು, ಮತ್ತೆ ತಿರುಗಿದಳು. ಖಾಲಿ ನೆಲ, ಅಲ್ಲಿ ಯಾರೂ ಇರಲಿಲ್ಲ.

"ಗ್ಲಾಶಾ, ಅವನು ಸತ್ತ ಕಣೇ. ನಾವೇ ಮಣ್ಣು ಹಾಕಿ ಬಂದ್ವಲ್ಲ."

"ನಂಗೊತ್ತು ತಾಸ್ಯಾ," ಅಂದಳು. "ಕಾಲಿಗಿನ್ನೂ ಗೊತ್ತಿಲ್ಲ."

ಅವಳ ಕಾಲಿನ ಬ್ರಷ್ ಬಿಚ್ಚಿ ನನ್ನ ಕಾಲಿಗೆ ಕಟ್ಟಿಕೊಂಡೆ. ನನಗೆ ಆ ಕೆಲಸ ಬರದು, ಎರಡು ಸಲ ಬಿದ್ದೆ. ಅವಳು ಗೋಡೆಗೆ ಒರಗಿ ನಿಂತು, ನಾನು ಆ ಜಾಗದೊಳಗೆ ಓಡಾಡುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.