ಬೋಲ್ಟ್ ಹೊಡೆಯಲು ಕೇಳಿ ಬಂದವರು

ನನ್ನ ಇದ್ದತ್ ಮುಗಿಯುವವರೆಗೆ ಅವರು ಕಾದಿದ್ದರು. ಗಂಡ ತೀರಿದ ಮೇಲೆ ನಮ್ಮಲ್ಲಿ ಹೆಂಗಸು ಕೆಲವು ತಿಂಗಳು ಮನೆಯೊಳಗೇ ಇರಬೇಕು. ಅದು ಮುಗಿದ ಮೊದಲ ಭಾನುವಾರ ಹರಿಹರದ ನಮ್ಮ ಮನೆ ಬಾಗಿಲಿಗೆ ಇಬ್ಬರು ಬಂದರು. ಒಬ್ಬಳು ವಿದ್ಯಾನಗರದ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಇನ್ನೊಬ್ಬ ಕೊಕ್ಕನೂರಿನ ಯುವ ರೈತ. ನಮ್ಮ ಯಜಮಾನರ ಜೊತೆ ಬಂಡೆ ಹತ್ತುತ್ತಿದ್ದವರು.

"ಬರ್ರಿ, ಕೂಡ್ರಿ" ಅಂದೆ. ಚಹಾ ಕೊಟ್ಟೆ. ಆಮೇಲೆ ಹುಡುಗಿ, "ಭಾಬಿ, ಬಂಡೆ ಮ್ಯಾಲ ಭಾಯ್ ಹತ್ತಿದ ದಾರಿಗೆ ಬೋಲ್ಟ್ ಹೊಡೀಬೇಕಂತ ಮಾಡೀವಿ. ನೀವು ಹೂಂ ಅಂದ್ರ" ಎಂದಳು.

"ನನ್ಯಾಕ ಕೇಳ್ತೀರಿ? ಗುಡ್ಡ ನಂದೇನು?"

"ಮೊದ್ಲು ಹತ್ತಿದೋರ್ನ ಕೇಳ್ದೆ ಅವರ ದಾರ್ಯಾಗ ತೂತು ಹೊಡೆಯಂಗಿಲ್ಲ. ಅದು ಪದ್ಧತಿ. ಭಾಯ್ ಇಲ್ಲ, ಅದಕ್ಕ ನಿಮ್ಮತ್ರ ಬಂದ್ವಿ."

ನಮ್ಮ ಯಜಮಾನರಿಗೆ ಹತ್ತಿರದ ಕರೂರಿನಲ್ಲಿ ವೆಲ್ಡಿಂಗ್ ಅಂಗಡಿ ಇತ್ತು. ಹತ್ತಲು ಶುರು ಮಾಡಿದಾಗ ಬರಿಗಾಲು, ಲಾರಿಗೆ ಬಿಗಿಯುವ ಹಗ್ಗ, ಅಷ್ಟೇ. ಬಿರುಕಿಗೆ ಸಿಕ್ಕಿಸುವ ಕಬ್ಬಿಣದ ತುಂಡುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ಮೇಲೆ ಹತ್ತುವುದಕ್ಕೆಂದೇ ಮಾಡಿದ ಹಗ್ಗ ಬಂತು, ರಬ್ಬರ್ ತಳದ ಬಿಗಿ ಬೂಟು ಬಂತು, ಬೆವರು ಹೀರಲು ಬಿಳಿ ಪುಡಿ ಬಂತು. ಹುಡುಗರು ಬಂದರು, ಹುಡುಗಿಯರೂ ಬಂದರು. ಬಂಡೆಗೆ ಡ್ರಿಲ್ ಹಾಕಿ ಬೋಲ್ಟ್ ಕೂರಿಸಿ, ಜಾರಿದರೂ ನೆಲಕ್ಕೆ ಬೀಳದಂತೆ ಅದಕ್ಕೆ ಹಗ್ಗ ಸಿಕ್ಕಿಸಿಕೊಂಡು ಮೇಲೇರುವುದು ಆಮೇಲೆ ಬಂದದ್ದು. ಬೇರೆ ದಾರಿಗಳಿಗೆ ಅವರೇ ನಿಂತು ಬೋಲ್ಟ್ ಹೊಡೆಸಿದ್ದರು. ತಮ್ಮ ದಾರಿಗೆ ಬೇಕು ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಅವರನ್ನು ಬಂಡೆ ಕೆಡವಲಿಲ್ಲ. ಒಂದು ಸಂಜೆ ಅಂಗಡಿಯಿಂದ ಬಂದು ಕೈ ತೊಳೆಯುವಾಗ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಅಂಗಡಿ ಬೇರೆಯವರ ಕೈಗೆ ಹೋಯಿತು, ಬಟ್ಟೆಗಳನ್ನು ಕೊಟ್ಟುಬಿಟ್ಟೆ. ಯಾರೂ ಮುಟ್ಟದೆ ಉಳಿದದ್ದು ಆ ದಾರಿ ಒಂದೇ ಎಂದು ಆಗ ಹೊಳೆಯಿತು.

"ನೋಡಿ ಹೇಳ್ತೀನಿ" ಅಂದೆ.

ಮುಂದಿನ ಭಾನುವಾರ ಹುಡುಗಿಯ ಸ್ಕೂಟರ್ ಹಿಂದೆ ಕೂತು ಹೋದೆ. ಗುಡ್ಡದ ಬುಡದಲ್ಲಿ ಜನವೋ ಜನ. ಒಂದೊಂದು ಹಗ್ಗದ ಕೆಳಗೂ ಸರದಿಗೆ ಕಾಯುವವರು. ನಮ್ಮ ಯಜಮಾನರ ದಾರಿಯ ಕೆಳಗೆ ಮಾತ್ರ ಯಾರೂ ಇರಲಿಲ್ಲ. ಬಿರುಕಿನೊಳಗೆ ಹುಲ್ಲು ಬೆಳೆದಿತ್ತು. ಅರ್ಧದ ಮೇಲೆ ಬಿರುಕು ಮುಗಿದು ಬರಿಯ ನುಣುಪು ಕಲ್ಲು.

"ಅಲ್ಲಿಂದ ಜಾರಿದ್ರ ಸೀದಾ ನೆಲ" ಎಂದ ಕೊಕ್ಕನೂರಿನವನು. "ಭಾಯ್ ಒಬ್ರೇ ಅದನ್ನ ದಾಟಿ ಮ್ಯಾಲ ಹೋದ್ರು. ನಾವು ಕೆಳಗ ನಿಂತು ಕೈ ಮುಗಿದು ವಾಪಸ್."

"ಕೈ ಮುಗೀತೀರಾ?"

"ಮತ್ತ? ಇವ್ಳು ಒಮ್ಮೆ ಹೂವನ್ನೂ ಇಟ್ಟಾಳ."

"ಲೇ, ಸುಳ್ಳುಬುರುಕ!" ಎಂದು ಹುಡುಗಿ ಅವನ ಬೆನ್ನಿಗೆ ಗುದ್ದಿದಳು.

ನನಗೆ ನಗು ಬಂತು. ಅವರು ತೀರಿದ ಮೇಲೆ ನಕ್ಕದ್ದು ಅದೇ ಮೊದಲು. ಜೀವಂತ ಇದ್ದಾಗ ಮನೆಗೆ ಬಂದ ನನ್ನ ಅಪ್ಪ ಸಲಾಂ ಹೇಳಿದರೂ ಮುಜುಗರಪಟ್ಟು ಹಿತ್ತಲಿಗೆ ಹೋಗುತ್ತಿದ್ದ ಮನುಷ್ಯನನ್ನು ಇವರು ಕಲ್ಲಲ್ಲಿ ನಿಲ್ಲಿಸಿ ಕೈ ಮುಗಿಯುತ್ತಿದ್ದಾರೆ. ನಾನು ಬೇಡ ಅಂದರೆ ಇದು ಹೀಗೇ ಉಳಿಯುತ್ತದೆ, ಹುಲ್ಲು ಇನ್ನಷ್ಟು ಬೆಳೆಯುತ್ತದೆ.

"ಹೊಡೀರಿ" ಅಂದೆ. "ಗಟ್ಟಿಯಾಗಿ ಹೊಡೀರಿ."

ಕೊಕ್ಕನೂರಿನವನು ಮೇಲಿನಿಂದ ಹಗ್ಗದಲ್ಲಿ ಇಳಿದು ಡ್ರಿಲ್ ಹಾಕಿದ. ಕಲ್ಲಿನ ಪುಡಿ ಗಾಳಿಗೆ ಹಾರಿ ನನ್ನ ದುಪಟ್ಟಾದ ಮೇಲೂ ಬಿತ್ತು. ಹೋಗಿಬಿಡೋಣ ಅನ್ನಿಸಿದರೂ ಹೋಗಲಿಲ್ಲ.

ಬಿಸಿಲು ಇಳಿದ ಮೇಲೆ ಹುಡುಗಿ ಹಗ್ಗ ಕಟ್ಟಿಕೊಂಡು ಮೊದಲು ಹತ್ತಿದಳು. ಬಿರುಕು ಮುಗಿದಲ್ಲಿ ಬಹಳ ಹೊತ್ತು ನಿಂತಳು. ಕೈಗೆ ಬಿಳಿ ಪುಡಿ ಹಚ್ಚಿಕೊಂಡಳು. ಕೈ ಚಾಚಿದಳು, ಜಾರಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಹೊಸ ಬೋಲ್ಟಿನ ಕೆಳಗೆ ತೂಗಾಡುತ್ತ ನಗುತ್ತಿದ್ದಳು.

"ಇಳಿ ಕೆಳಗ, ಈಗ ನಂದು ಪಾಳಿ!" ಎಂದ ಕೊಕ್ಕನೂರಿನವನು.

"ಹೋಗಲೇ, ಇನ್ನೊಂದು ಸಲ ನಾನೇ."

"ನಾನು ಬೆಳಗ್ಗಿಂದ ಕಾಯಾಕತ್ತೀನಿ!" ಎಂದಿತು ಹಿಂದಿನಿಂದ ಇನ್ಯಾರದೋ ದನಿ.

ಅವರು ಜಗಳಾಡುತ್ತಲೇ ಇದ್ದರು. ನಾನು ಪಕ್ಕಕ್ಕೆ ಸರಿದು ಮನೆಯಿಂದ ತಂದಿದ್ದ ಬುತ್ತಿಯನ್ನು ಎಲ್ಲರಿಗೂ ಬಿಚ್ಚಿದೆ.