ಗುಡ್ಡದ ಮೇಲೆ ಏನೂ ಇಲ್ಲ

ಬೀಗದಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹೆಂಗಸು ಮೂವತ್ತು ವರ್ಷ ಬೀಗ ರಿಪೇರಿ ಮಾಡಿದವಳು. ಅಪ್ಪನಿಂದ ಕಲಿತ ಕೆಲಸ. ಯಾವ ಬೀಗವೂ ಭದ್ರವಲ್ಲ ಎಂದು ಬಲ್ಲವಳಿಗೆ ಮನುಷ್ಯರ ಮೇಲೆ ನಂಬಿಕೆ ಎಲ್ಲಿಂದ ಬಂದೀತು? ಬೆಳ್ಳಗಿರೋದೆಲ್ಲ ಹಾಲಲ್ಲ ಎನ್ನುವುದು ಅವಳ ಬಾಯಿಪಾಠವಾಗಿತ್ತು. ನರ್ಸ್ ಆಗಿದ್ದ ತಂಗಿ ಹೇಗೋ ಗೋಗರೆದು, ಮೂರು ದಿನದ ಮಟ್ಟಿಗೆ ಅಂಗಡಿ ಮುಚ್ಚಿಸಿ, ಅವಳನ್ನು ಕಡಲ ದಂಡೆಯ ಊರೊಂದಕ್ಕೆ ಕರೆತಂದಳು. ಇಬ್ಬರಿಗೂ ಗುರುತು ಪರಿಚಯವಿಲ್ಲದ ಊರು.

ಏನೇನು ನೋಡಬಹುದು ಎಂದು ತಂಗಿ ಲಾಡ್ಜಿನ ಗುಮಾಸ್ತನನ್ನು ಕೇಳಿದಳು.

"ಬೆಳಗ್ಗೆ ದೀಪಸ್ತಂಭ, ಮಧ್ಯಾಹ್ನ ದೋಣಿ, ಸಂಜೆ ಪೇಟೆ. ಅಷ್ಟು ಸಾಕಮ್ಮ."

"ಆ ಗುಡ್ಡದ ಮೇಲೆ ಬೀದಿ ಕಾಣ್ತಿದೆಯಲ್ಲ?" ಎಂದಳು ಬೀಗದಕ್ಕ.

"ಅಲ್ಲೇನೂ ಇಲ್ಲ," ಎಂದು ಅವನು ರಿಜಿಸ್ಟರಿನೊಳಗೆ ಮುಖ ಹುದುಗಿಸಿದ.

ಚಹಾದಂಗಡಿಯವನೂ ಅದೇ ಮಾತು ಹೇಳಿದ. ಆಟೋದವನಂತೂ ಇವರು ಕೇಳುವ ಮೊದಲೇ, "ಗುಡ್ಡದ ಕಡೆ ಹೋಗ್ಬೇಡಿ, ಅಲ್ಲೇನೂ ಇಲ್ಲ," ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನೋಡಿದ್ಯೇನೇ? ಮೂರು ಜನ, ಒಂದೇ ಗಿಣಿಪಾಠ. ಏನೋ ಮುಚ್ಚಿಡ್ತಿದಾರೆ."

"ಅಯ್ಯೋ ಅಕ್ಕಾ, ದೀಪಸ್ತಂಭ ನೋಡೋಕೂ ನಿನಗೆ ಸಾಕ್ಷಿ ಬೇಕಾ?"

ತಂಗಿ ಎಷ್ಟು ಗೊಣಗಿದರೂ ಬೀಗದಕ್ಕ ಅವಳನ್ನೂ ಎಳೆದುಕೊಂಡು ಗುಡ್ಡದ ಮೆಟ್ಟಿಲು ಹತ್ತಿಯೇ ಬಿಟ್ಟಳು. ಬೀದಿ ಎಷ್ಟು ಕಿರಿದೆಂದರೆ ಎದುರುಬದುರು ಕಿಟಕಿಗಳಿಂದ ಕೈಚಾಚಿ ಉಪ್ಪು ಕೊಡಬಹುದಿತ್ತು. ಆದರೆ ಕಿಟಕಿಗಳೆಲ್ಲ ಮುಚ್ಚಿದ್ದವು. ಇವರು ದಾಟಿದಂತೆಲ್ಲ ಪರದೆಯೊಂದು ಸರಿಯುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿತ್ತು. ಬೀಗದಕ್ಕನಿಗೆ ಬೆನ್ನ ಮೇಲೆ ಇರುವೆ ಹರಿದಂತಾಯಿತು.

ಬೀದಿಯ ಕೊನೆಯಲ್ಲಿ, ಬೀಗ ಹಾಕಿದ ಬಾಗಿಲ ಮುಂದೆ ಒಬ್ಬ ಅಜ್ಜಿ ತುಂಬಿದ ಕೊಡ ಇಟ್ಟುಕೊಂಡು ಕೂತಿದ್ದಳು.

"ಫೋಟೋ ತೆಗೆಯೋಕೆ ಬಂದ್ರಾ?" ಎಂದು ಗದರಿದಳು.

"ಇಲ್ಲಜ್ಜಿ. ಯಾಕೆ ಹೊರಗೆ ಕೂತಿದೀರಿ?"

"ಕೀಲಿ ಚರಂಡಿಗೆ ಬಿತ್ತು. ನಿಮಗ್ಯಾಕೆ ಅದೆಲ್ಲ?"

ಬೀಗದಕ್ಕ ಚೀಲದಿಂದ ಎರಡು ತಂತಿ ತೆಗೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಗ ಬಾಯಿಬಿಟ್ಟಿತು. ಅಜ್ಜಿ ಉಪಕಾರ ನೆನೆಯುವುದಿರಲಿ, ಇಬ್ಬರನ್ನೂ ಹೊಸ್ತಿಲಾಚೆಯೇ ನಿಲ್ಲಿಸಿ, ಒಳಗೆ ಹೋಗಿ ಬೀರು, ಪೆಟ್ಟಿಗೆ, ಡಬ್ಬಿಗಳನ್ನೆಲ್ಲ ತೆರೆದು ನೋಡಿ ಬಂದಳು.

"ಇಷ್ಟು ಬೇಗ ತೆಗೆದೆ ಅಂದ್ರೆ, ಮೊದಲೂ ಬಂದು ತೆಗೆದಿದ್ಯೇನೋ!"

ತಂಗಿಯ ಮುಖ ಕೆಂಪಾಯಿತು. ಬೀಗದಕ್ಕನಿಗೂ ಒಂದು ಗಳಿಗೆ ಚುರುಕ್ಕೆಂದಿತು. ಜನ್ಮವಿಡೀ ಪರರನ್ನು ಅಳೆದವಳನ್ನೇ ಯಾರೋ ತಕ್ಕಡಿಗೆ ಹಾಕಿದ್ದು ಅದೇ ಮೊದಲು. ಆದರೂ, "ಕೇಳ್ಬೇಕಾದ ಮಾತೇ ಅಜ್ಜಿ," ಎಂದಳು.

ಆಗ ಅಜ್ಜಿಯ ಸ್ವರ ಮೆತ್ತಗಾಯಿತು. ಹೋದ ವರ್ಷ ಯಾರೋ ಈ ಬೀದಿಯ ಚಿತ್ರ ತೆಗೆದು ಚೆಂದವೆಂದು ಹೊಗಳಿದ್ದರಂತೆ. ಅಲ್ಲಿಂದ ಜನ ಸಾಲುಗಟ್ಟಿ ಬಂದು ಕಿಟಕಿಯಲ್ಲಿ ಇಣುಕಿದರು. ಅಜ್ಜಿ ತಲೆ ಬಾಚುತ್ತಿದ್ದುದನ್ನೂ ಫೋಟೋ ತೆಗೆಯದೆ ಬಿಡಲಿಲ್ಲ. ಕೊನೆಗೆ ಬೀದಿಯವರೆಲ್ಲ ಕೆಳಗಿಳಿದು, ನಮ್ಮ ಕಡೆ ಯಾರನ್ನೂ ಕಳಿಸಬೇಡಿ ಎಂದು ಲಾಡ್ಜಿನವರನ್ನೂ ಆಟೋದವರನ್ನೂ ಬೇಡಿಕೊಂಡಿದ್ದರು.

"ಹಾಗಾದ್ರೆ ಮುಚ್ಚಿಟ್ಟಿದ್ದು ನಿಜ ತಾನೇ?" ಎಂದು ಬೀಗದಕ್ಕ ತಂಗಿಯ ಕಡೆ ತಿರುಗಿದಳು. ಆದರೆ ಗೆದ್ದ ಹುಮ್ಮಸ್ಸು ದನಿಯಲ್ಲಿರಲಿಲ್ಲ.

ಮರುದಿನ ತಂಗಿ ಒಬ್ಬಳೇ ದೋಣಿ ಹತ್ತಿದಳು. ಬೀಗದಕ್ಕ ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದು, ಒಂದು ಗಟ್ಟಿ ಬೀಗ ಆರಿಸಿ, ಗುಡ್ಡ ಹತ್ತಿ ಅಜ್ಜಿಯ ಬಾಗಿಲಿಗೆ ಹಾಕಿ, ಎರಡು ಕೀಲಿ ಕೈಗಿಟ್ಟಳು.

ಅಜ್ಜಿ ಕೀಲಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂರನೇದು ಎಲ್ಲಿ? ನೀನೇ ಇಟ್ಕೊಂಡ್ಯಾ?" ಎಂದಳು.

ಬೀಗದಕ್ಕ ಹೊಸ ಬೀಗದ ಖಾಲಿ ಡಬ್ಬಿಯನ್ನು ಬೋರಲು ಮಾಡಿ ತೋರಿಸಿದಳು. ಆ ಊರಿಗೆ ಬಂದ ಮೇಲೆ ಅವಳು ಬಾಯಿತುಂಬ ನಕ್ಕಿದ್ದು ಆಗಲೇ.